ಜೂಲಿಯೆಟ್ಟಳ ಕೋಣೆಯ ಪುಟ್ಟ ಬಾಗಿಲು

ಪ್ರಶ್ನೆ: ಇಟಲಿಯ ನಿರ್ದೇಶಕ ಫೆಡೆರಿಕೊ ಫೆಲಿನಿಯ ‘ಜೂಲಿಯೆಟ್ ಆಫ್ ದಿ ಸ್ಪಿರಿಟ್ಸ್’ ಚಿತ್ರವನ್ನು ಎರಡು ಸಲ ನೋಡಿದೆ. ನಾಯಕಿ ಜೂಲಿಯೆಟ್ಟಳಿಗೆ ಗಂಡ ಮೋಸ ಮಾಡುವ ಕಥೆ ತಿಳಿಯಿತು. ಆದರೆ ಯಾವುದು ನಡೆದದ್ದು, ಯಾವುದು ಅವಳ ಕಲ್ಪನೆ ಎಂದು ಬಿಡಿಸಲಾಗಲಿಲ್ಲ. ಕೊನೆಯಲ್ಲಿ ಅವಳಿಗೆ ಸಿಗುವುದು ಬಿಡುಗಡೆಯೋ, ಒಂಟಿತನವೋ?

ಉತ್ತರ: ಮೂರನೆಯ ಸಲ ನೋಡುವಾಗ ಆ ವಿಂಗಡಣೆಯನ್ನು ಕೈಬಿಡಿ. ಪತ್ತೇದಾರರ ಕಚೇರಿಯ ದೃಶ್ಯವನ್ನು ನೆನಪಿಸಿಕೊಳ್ಳಿ. ಗಂಡ ಜಾರ್ಜೊ ಇನ್ನೊಬ್ಬಳೊಡನೆ ಇರುವುದು ಈ ಚಿತ್ರದ ಅತ್ಯಂತ ಗಟ್ಟಿಯಾದ ವಾಸ್ತವ. ಅದನ್ನು ಜೂಲಿಯೆಟ್ಟ ಕಾಣುವುದು ಪರದೆಯ ಮೇಲೆ, ಗುಟ್ಟಾಗಿ ಚಿತ್ರೀಕರಿಸಿದ ರೀಲಿನಲ್ಲಿ. ಮದುವೆಯ ಸತ್ಯವನ್ನು ಹೊರಗಿನವರು ಅವಳಿಗೆ ಸಿನಿಮಾ ಮಾಡಿ ತೋರಿಸುತ್ತಾರೆ. ಅವಳದೇ ಸತ್ಯ ಕನಸಾಗಿ ಬರುತ್ತದೆ.

ಆ ಕನಸುಗಳ ಬೇರು ಬಾಲ್ಯದ ಶಾಲಾ ನಾಟಕದಲ್ಲಿದೆ. ಸನ್ಯಾಸಿನಿಯರು ಪುಟ್ಟ ಜೂಲಿಯೆಟ್ಟಳಿಗೆ ಧರ್ಮಕ್ಕಾಗಿ ಪ್ರಾಣ ತೆತ್ತ ಕನ್ಯೆಯ ಪಾತ್ರ ಕೊಟ್ಟು, ಕಬ್ಬಿಣದ ಜಾಲರಿಗೆ ಕಟ್ಟಿ, ಸುತ್ತ ಕಾಗದದ ಜ್ವಾಲೆ ಏಳಿಸುತ್ತಾರೆ. ಅಜ್ಜ ರೇಗಿ ಬಂದು ಬಿಡಿಸುತ್ತಾನೆ. ಆದರೂ ಆ ಮಗು ಅಲ್ಲೇ ಉಳಿಯಿತು. ಉರಿಯುವಾಗ ಸುಮ್ಮನಿರುವುದೇ ಒಳ್ಳೆಯತನವೆಂದು ಕಲಿತವಳು, ಮದುವೆಯ ವಾರ್ಷಿಕೋತ್ಸವ ಮರೆತ ಗಂಡ ಸ್ನೇಹಿತರ ದಂಡನ್ನೇ ಕರೆತಂದಾಗಲೂ ಉಪಚರಿಸುತ್ತಾಳೆ. ಮೊದಲ ಕೆಲವು ನಿಮಿಷ ಫೆಲಿನಿ ಅವಳ ಮುಖವನ್ನೇ ತೋರಿಸುವುದಿಲ್ಲ, ಗಮನಿಸಿದಿರಾ?

ನಮಗೆ ಥಟ್ಟನೆ ತಾಗುವ ಪಾತ್ರ ಭೀಷ್ಮ. ಹೆಸರು ಮಹಾಭಾರತದ್ದು, ಗಂಡೋ ಹೆಣ್ಣೋ ಎಂದು ತಿಳಿಯದ ಈ ಜ್ಞಾನಿಯಾಗಿ ನಟಿಸಿದವರು ಜರ್ಮನಿಯ ನರ್ತಕಿ ವಲೆಸ್ಕಾ ಗೆರ್ಟ್. ದಿಕ್ಕು ಕೇಳಲು ಬಂದವಳಿಗೆ ಸಿಗುವ ಉಪದೇಶವೇನು? ಗಂಡನೇ ದೇವರು, ನೀನು ಅವನ ಪೂಜಾರಿಣಿ. ಆಜನ್ಮ ಬ್ರಹ್ಮಚಾರಿಯ ಹೆಸರು ಹೊತ್ತ ಬಾಯಿಂದ ದಾಂಪತ್ಯದ ಪಾಠ! ಸನ್ಯಾಸಿನಿಯರು ಹೇಳಿದ್ದನ್ನೇ ಇಲ್ಲಿ ಧೂಪದ ಹೊಗೆಯೊಡನೆ ಹೇಳಲಾಗುತ್ತಿದೆ.

ಎದುರು ದಿಕ್ಕಿನಿಂದ ಕರೆಯುವುದು ಭೋಗ. ಪಕ್ಕದ ಮನೆಯ ಸೂಸಿ, ಪ್ರೇತಸಭೆಯಲ್ಲಿ ಬರುವ ಆತ್ಮ ಐರಿಸ್, ಅಜ್ಜನೊಡನೆ ಓಡಿಹೋದ ಸರ್ಕಸ್ ನರ್ತಕಿ, ಮೂವರೂ ಸಾಂಡ್ರಾ ಮೀಲೊ ಅವರೇ. ಫೆಲಿನಿಯ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರವಿದು. ಸೂಸಿಯ ಮನೆಯಲ್ಲಿ ಬಣ್ಣದ ಹುಚ್ಚು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ.

ಇನ್ನು ಕೊನೆ. ಚಿತ್ರ ಬಂದದ್ದು 1965ರಲ್ಲಿ. ಇಟಲಿಯಲ್ಲಿ ವಿಚ್ಛೇದನದ ಕಾನೂನು ಬಂದದ್ದು 1970ರಲ್ಲಿ. ಗಂಡ ಹೊರಟುಹೋದರೂ ಆಕೆ ಕಾನೂನಿನ ಕಣ್ಣಿಗೆ ಹೆಂಡತಿಯೇ. ಇದನ್ನು ಮರೆತರೆ, ಕೊನೆಯಲ್ಲಿ ಮನೆಯ ಗೇಟು ದಾಟಿ ಅವಳು ಒಬ್ಬಳೇ ಹೊರನಡೆಯುವ ಆ ನಡಿಗೆಯ ತೂಕ ತಿಳಿಯದು. ಜೂಲಿಯೆಟ್ಟಳಾಗಿ ನಟಿಸಿದ ಜೂಲಿಯೆಟ್ಟ ಮಸೀನಾ ಫೆಲಿನಿಯ ಪತ್ನಿ. ಅಂತ್ಯದ ಬಗ್ಗೆ ಇಬ್ಬರಿಗೂ ಭಿನ್ನಾಭಿಪ್ರಾಯವಿತ್ತು: ಆತ ಬಿಡುಗಡೆ ಕಂಡ, ಆಕೆ ಪರಿತ್ಯಕ್ತೆಯನ್ನು ಕಂಡರು. ನನಗೆ ಆಕೆಯ ಅನುಮಾನವೇ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ, ಏಕೆಂದರೆ ಅದೇ ಅನುಮಾನ ಅವರ ಮುಖದಲ್ಲೂ ಇದೆ.

ಹಾಗಿದ್ದೂ ಬಿಡುಗಡೆ ಆಗುತ್ತದೆ, ಗೇಟಿನ ಬಳಿಯಲ್ಲ, ಅದಕ್ಕೂ ಮೊದಲು. ತಾಯಿ ಬೇಡವೆಂದು ಗದರುತ್ತಿದ್ದರೂ ಜೂಲಿಯೆಟ್ಟ ‘ನಿನಗೆ ಹೆದರುವುದಿಲ್ಲ’ ಎಂದ ಕೂಡಲೇ ಮಲಗುವ ಕೋಣೆಯ ಗೋಡೆಯ ಪುಟ್ಟ ಬಾಗಿಲು ತೆರೆದುಕೊಳ್ಳುತ್ತದೆ. ಒಳಗೆ ಜಾಲರಿಯ ಮೇಲೆ ಆ ಮಗು ಇನ್ನೂ ಮಲಗಿದೆ. ಈ ಸಲ ಅಜ್ಜನಿಗಾಗಿ ಕಾಯದೆ, ಕಟ್ಟನ್ನು ಬಿಚ್ಚುವವಳು ಜೂಲಿಯೆಟ್ಟಳೇ.