ಇಸಿಜಿ ಮಾದರಿಯ ಶೇ. 99 ನಿಖರತೆಯ ಕುರಿತು

ನಮಸ್ಕಾರ. ಎಂಐಟಿ-ಬಿಐಎಚ್ ದತ್ತಾಂಶದಲ್ಲಿ (ಸಂಶೋಧನೆಗೆ ಬಳಸುವ ಇಸಿಜಿ ದಾಖಲೆಗಳ ಸಂಗ್ರಹ) ಅಸಹಜ ಹೃದಯಬಡಿತಗಳನ್ನು ಶೇ. 99ರಷ್ಟು ನಿಖರವಾಗಿ ಗುರುತಿಸುವ ನಿಮ್ಮ ಯಂತ್ರಕಲಿಕೆಯ ಮಾದರಿಯು ಹೊಸ ರೋಗಿಗಳ ಇಸಿಜಿಯಲ್ಲಿ ಏಕೆ ಎಡವುತ್ತಿದೆ ಎಂದು ಕೇಳಿದ್ದೀರಿ. ಎಲ್ಲ ಬಡಿತಗಳನ್ನೂ ಒಟ್ಟುಗೂಡಿಸಿ, ಯಾದೃಚ್ಛಿಕವಾಗಿ ತರಬೇತಿಗೂ ಪರೀಕ್ಷೆಗೂ ಹಂಚಿರುವುದಾಗಿ ಬರೆದಿದ್ದೀರಿ. ಮುಖ್ಯ ಕಾರಣ ಅಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಆ ಸಂಗ್ರಹದಲ್ಲಿರುವುದು 47 ವ್ಯಕ್ತಿಗಳಿಂದ ಪಡೆದ, ತಲಾ ಅರ್ಧ ಗಂಟೆಯ 48 ದಾಖಲೆಗಳು ಮಾತ್ರ. ಒಬ್ಬರ ಬಡಿತಗಳು ಒಂದನ್ನೊಂದು ಬಹುವಾಗಿ ಹೋಲುವುದರಿಂದ, ಎರಡೂ ಕಡೆ ಅದೇ ವ್ಯಕ್ತಿ ಇದ್ದರೆ ಮಾದರಿಯು ರೋಗಲಕ್ಷಣವನ್ನು ಕಲಿಯುವ ಬದಲು ಆ ವ್ಯಕ್ತಿಯ ಅಲೆಯ ಆಕಾರವನ್ನೇ ನೆನಪಿಟ್ಟುಕೊಳ್ಳುತ್ತದೆ. ಆದ್ದರಿಂದ ದಯವಿಟ್ಟು ರೋಗಿವಾರು ವಿಂಗಡಿಸಿ. 201 ಮತ್ತು 202ನೇ ದಾಖಲೆಗಳು ಒಬ್ಬರವೇ ಆಗಿರುವುದರಿಂದ ಅವೆರಡೂ ಒಂದೇ ಕಡೆ ಇರಬೇಕು (ಇದು ಸುಲಭವಾಗಿ ಕಣ್ತಪ್ಪುವ ವಿಷಯ). ನಿಖರತೆಯ ಅಂಕ ಖಂಡಿತ ಇಳಿಯುತ್ತದೆ, ಅದರಿಂದ ನಿರಾಶರಾಗಬೇಡಿ.

ಸಹಜ ಬಡಿತಗಳೇ ಬಹುಪಾಲು ಇರುವಾಗ ಎಲ್ಲವನ್ನೂ ಸಹಜವೆಂದು ಹೇಳಿದರೂ ಒಟ್ಟು ನಿಖರತೆ ಹೆಚ್ಚಾಗಿಯೇ ಕಾಣುವುದರಿಂದ, ಪ್ರತಿ ವರ್ಗದಲ್ಲಿ ಎಷ್ಟು ಬಡಿತಗಳು ಕೈತಪ್ಪಿದವು ಎಂಬುದನ್ನು ಪ್ರತ್ಯೇಕವಾಗಿ ನೋಡಿ. ಹೃತ್ಕರ್ಣದ (ಹೃದಯದ ಮೇಲಿನ ಕೋಣೆಯ) ಅಕಾಲಿಕ ಬಡಿತವು ಆಕಾರದಲ್ಲಿ ಅನೇಕ ವೇಳೆ ಸಹಜವಾದದ್ದನ್ನೇ ಹೋಲುತ್ತದೆ. ಹಿಂದಿನ ಬಡಿತದಿಂದ ಅದಕ್ಕಿರುವ ಅಂತರವನ್ನೂ ಮಾದರಿಗೆ ಒದಗಿಸಿದರೆ ಮಾತ್ರ ಅದು ಸಿಕ್ಕೀತು. ಈ ಸಂಗ್ರಹದ ಸಂಕೇತಗಳು ಸೆಕೆಂಡಿಗೆ 360 ಮಾದರಿಬಿಂದುಗಳವು, ಅಂದರೆ ಸೆಕೆಂಡಿಗೆ 360 ಬಾರಿ ಅಳೆದವು. ನಿಮ್ಮ ಹೊಸ ಇಸಿಜಿಗಳು 500ರವಾಗಿದ್ದರೆ ಮೊದಲು 360ಕ್ಕೆ ಸರಿಹೊಂದಿಸಿಕೊಳ್ಳಿ.