ಹಿಂಡಲಗಾ ಜೈಲಿನಲ್ಲಿ ಅಪ್ಪ–ಮಗನ ಭೇಟಿ

ಅಕ್ಕಾರೆ, ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ನಿಮ್ಮ ಯಜಮಾನರು ಶಿಕ್ಷೆಯಲ್ಲಿದ್ದಾರೆ, ವಿಚಾರಣಾಧೀನ ಮಗನೂ ಅಲ್ಲೇ ಇದ್ದು ಬ್ಯಾರಕ್‌ನಲ್ಲಿ ಪೆಟ್ಟು ತಿಂದಿದ್ದಾನೆ, ಇಬ್ಬರನ್ನೂ ಕೂಡಿ ಇಡಿಸಬಹುದೇ ಎಂದು ಕೇಳಿದ್ದೀರಿ. ಒಂದೇ ಬ್ಯಾರಕ್ ಆಗದು. ಶಿಕ್ಷಾಬಂದಿಗಳನ್ನೂ ವಿಚಾರಣಾಧೀನರನ್ನೂ ಬೇರೆ ಬೇರೆ ಇಡಬೇಕೆಂದು ಕಾನೂನೇ ಇದೆ. ಭೇಟಿಗೆ ಅರ್ಜಿ ಕೊಡಬಹುದು.

ಮೊದಲು ಹುಡುಗನ ಜೀವ ನೋಡಿ. ಗಾಯ ಮಾಯುವ ಮುಂಚೆ ಜೈಲು ಡಾಕ್ಟರ ದಾಖಲೆಯಲ್ಲಿ ಬರೆಸಬೇಕು. ಹೆದರಿಕೆಗೆ ಬಹಳ ಹುಡುಗರು ‘ಜಾರಿಬಿದ್ದೆ’ ಅಂತಾರೆ. ಅದು ಒಮ್ಮೆ ದಾಖಲಾದರೆ ವಕೀಲರ ಕೈ ಕಟ್ಟಿದಂತೆ. ಮುಂದಿನ ತಾರೀಖಿಗೆ, ವಿಡಿಯೊದಲ್ಲಾದರೂ ಸರಿ, ಅವನೇ ನ್ಯಾಯಾಧೀಶರಿಗೆ ಹೇಳಲಿ. ಬ್ಯಾರಕ್ ಬದಲಿಸಲು ವಕೀಲರು ಅಂದೇ ಲಿಖಿತವಾಗಿ ಕೇಳಲಿ. ವಕೀಲರಿಲ್ಲದಿದ್ದರೆ ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ.

ಭೇಟಿಯ ಅರ್ಜಿ ಜೈಲು ಅಧೀಕ್ಷಕರ ಹೆಸರಿಗಿರಲಿ, ಅಪ್ಪ ಒಂದು, ಮಗ ಒಂದು ಕೊಡಲಿ. ಬಂದಿ ನಂಬರ್ ಹಾಕಿ, ರೇಷನ್ ಕಾರ್ಡ್ ಜೆರಾಕ್ಸ್ ಲಗತ್ತಿಸಿ. ಒಬ್ಬರದೇ ಹೋದರೆ ಇನ್ನೊಬ್ಬರಿಗೆ ಒಪ್ಪಿಗೆಯಿದೆಯೋ ಎಂಬ ಪ್ರಶ್ನೆ ಏಳುತ್ತದೆ.

ಅಪ್ಪ–ಮಗ ವರ್ಷಗಟ್ಟಲೆ ಮಾತು ಬಿಟ್ಟವರು, ಮೊದಲು ಒಬ್ಬರಿಗೊಬ್ಬರು ಒಂದು ಕಾಗದ ಬರೆಯಲಿ. ಒಳಗೆ ಕಾಗದ ಓದಿಯೇ ಕೊಡುತ್ತಾರೆ, ಹೊಡೆದವರ ಹೆಸರು ಅದರಲ್ಲಿ ಬೇಡ. ಯಜಮಾನರಿಗೂ ಮುಲಾಖಾತ್‌ನಲ್ಲಿ (ನೀವು ಜೈಲಿಗೆ ನೋಡಲು ಹೋದಾಗ) ಬಿಡಿಸಿ ಹೇಳಿ: ಮಗನಿಗೋಸ್ಕರ ಅಂತ ಕೈ ಎತ್ತಿದರೆ ಗಳಿಸಿದ ಮಾಫಿ ದಿನಗಳು (ಶಿಕ್ಷೆಯಲ್ಲಿ ಸಿಕ್ಕ ರಿಯಾಯಿತಿ) ಕಡಿತವಾಗಬಹುದು, ಹೊಸ ಕೇಸೂ ಬೀಳಬಹುದು.