ಧರಣಿ ಕೂತರೆ ನೌಕರಿ ಕೈತಪ್ಪುತ್ತದಾ?

ಪ್ರಶ್ನೆ: ಅಕ್ಕಾ, ನನ್ನದು ಲಿಂಗಸುಗೂರು ತಾಲ್ಲೂಕಿನ ಹಳ್ಳಿ. ರಾಯಚೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿಎ ಕೊನೆಯ ವರ್ಷ ಓದುತ್ತಿದ್ದೇನೆ. ವಿದ್ಯಾರ್ಥಿ ಸಂಘಟನೆಯಲ್ಲೂ ಇದ್ದೇನೆ. ಸ್ಕಾಲರ್‌ಶಿಪ್ ಬಾಕಿಗಾಗಿ ಡಿಸಿ ಆಫೀಸ್ ಮುಂದೆ ಧರಣಿ ಕೂತಾಗ ನಾನು ಘೋಷಣೆ ಕೂಗುವ ಫೋಟೊ ಪೇಪರಿನಲ್ಲಿ ಬಂತು. ಸೋದರಮಾವ ಅದನ್ನು ಅಪ್ಪನಿಗೆ ತೋರಿಸಿದರು. ‘ಕೇಸ್ ಬಿದ್ದರೆ ಸರ್ಕಾರಿ ನೌಕರಿ ಸಿಗಲ್ಲ, ಮದುವೆನೂ ಆಗಲ್ಲ, ಎಲ್ಲಾ ಬಿಟ್ಟು ಊರಿಗೆ ಬಾ’ ಅಂತ ಅಪ್ಪ ಹಟ ಹಿಡಿದಿದ್ದಾರೆ. ನಾನು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೂ ಓದುತ್ತಿದ್ದೇನೆ. ಸ್ವಲ್ಪ ದಿನ ಬರಲ್ಲ ಅಂದರೆ ಸಂಘಟನೆಯ ಅಣ್ಣ ‘ನಡುನೀರಲ್ಲಿ ಕೈಬಿಡ್ತೀಯಾ?’ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ತಂಗೀ, ಅಪ್ಪ ಒಂದು ತೀರ್ಮಾನ ಮಾಡಿದ್ದಾರೆ, ಅಣ್ಣ ಇನ್ನೊಂದು. ನಿನಗೆ ಏನು ಬೇಕು ಅಂತ ಇಬ್ಬರೂ ಕೇಳಿಲ್ಲ. ನಿನ್ನ ಪತ್ರದಲ್ಲೂ ಅದು ಇಲ್ಲ. ಮೊದಲು ಅದನ್ನು ಯೋಚಿಸು.

ಅಪ್ಪನ ಭಯ ಸುಮ್ನೆ ಹುಟ್ಟಿದ್ದಲ್ಲ. ನೇಮಕಾತಿಗೆ ಮುಂಚೆ ಪೊಲೀಸ್ ಪರಿಶೀಲನೆ ಇದ್ದೇ ಇರುತ್ತದೆ. ಆದರೆ ಶಾಂತಿಯಿಂದ ಸಭೆ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಪೊಲೀಸರು ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಿ ಸಂಜೆ ಬಿಟ್ಟರು ಅಂದ ಮಾತ್ರಕ್ಕೆ ಎಫ್‌ಐಆರ್ ಆಯಿತು ಅಂತಲ್ಲ. ಎಫ್‌ಐಆರ್ ಆದರೂ ಅದು ಶಿಕ್ಷೆಯಲ್ಲ. ನಿನ್ನ ಹೆಸರಲ್ಲಿ ಏನಾದರೂ ಇದೆಯಾ ಅಂತ ಗೊತ್ತಿರುವ ವಕೀಲರಿಂದ ಒಮ್ಮೆ ವಿಚಾರಿಸು. ಇದ್ದರೆ ಪರಿಶೀಲನೆಯ ಫಾರಂನಲ್ಲಿ ಮುಚ್ಚಿಡಬೇಡ. ಎಷ್ಟೋ ಜನರಿಗೆ ಮುಳುವಾಗುವುದು ಕೇಸಿಗಿಂತ ಜಾಸ್ತಿ, ಬರೆದುಕೊಟ್ಟ ಸುಳ್ಳು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕ್ಷುಲ್ಲಕ ಪ್ರಕರಣಕ್ಕೆ ಕೊಟ್ಟ ಉದಾಹರಣೆಯೇ ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದ್ದು! ಅಂಥ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ನೇಮಕ ಮಾಡುವವರು ಮನ್ನಿಸಬಹುದು ಎಂದಿದೆ. ಮನ್ನಿಸಲೇಬೇಕು ಅಂದಿಲ್ಲ, ಅದೂ ನೆನಪಿರಲಿ. ಕಲ್ಲು ತೂರುವುದು, ಬಸ್ಸಿನ ಗಾಜು ಒಡೆಯುವುದು ಬೇರೆಯೇ ಮಾತು. ಅಂಥದ್ದು ಶುರುವಾಗುವ ಸೂಚನೆ ಕಂಡರೆ ಯಾರು ಏನಂದರೂ ಎದ್ದು ಬಾ.

ಅಪ್ಪನಿಗೆ ಇನ್ನೊಂದು ಮಾತು ಹೇಳು. ನೀನು ಎಫ್‌ಡಿಎ ಅರ್ಜಿಯ ಜೊತೆ, ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರ ಕೊಡುತ್ತೀಯ, ಅಲ್ವಾ? ಅದು ತಾನಾಗಿ ಬಂದದ್ದಲ್ಲ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಯಲ್ಲಿ ಕೂತ ಮೇಲೆ, 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿ ಆಯಿತು. ಅವರನ್ನೂ ಜನ ‘ಮಾಡೋಕೆ ಕೆಲಸ ಇಲ್ಲ’ ಅಂದಿರಬೇಕು. ಹೋರಾಟದಿಂದ ನೌಕರಿ ಹೋಗುತ್ತದೆ ಅನ್ನುವ ನಿಮ್ಮ ಮಾವನಿಗೂ ಇದನ್ನು ಹೇಳಬಹುದು, ಅವರು ಕೇಳುವವರಾದರೆ.

ಮದುವೆ ವಿಷಯ ಬಿಡು. ಪೇಪರಿನ ಫೋಟೊ ನೋಡಿ ಹಿಂದೆ ಸರಿಯುವ ಮನೆಗೆ ನೀನು ಹೋಗದಿರುವುದೇ ವಾಸಿ.

ನನಗೆ ಅಪ್ಪನಿಗಿಂತ ಆ ಅಣ್ಣನ ಮಾತೇ ಜಾಸ್ತಿ ಚಿಂತೆ ತಂದಿತು. ನಿಮ್ಮ ಸಂಘಟನೆಯನ್ನು ಸ್ವಲ್ಪ ಗಮನಿಸಿ ನೋಡು. ಪೊಲೀಸರು ಬಂದಾಗ ಹುಡುಗಿಯರನ್ನು ಮುಂದಿನ ಸಾಲಿಗೆ ಕರೆಯುತ್ತಾರಾ? ಮೈಕ್ ಕೊಡುವಾಗಲೂ ಹಾಗೇ ಕರೆಯುತ್ತಾರಾ? ಡಿಸಿ ಜೊತೆ ಮಾತಾಡಲು ಒಳಗೆ ಹೋಗುವ ನಾಲ್ಕೈದು ಜನರಲ್ಲಿ ನೀನಿರುತ್ತೀಯಾ? ಚಂದಾದ ಲೆಕ್ಕ ಎಲ್ಲರ ಮುಂದೆ ಓದುತ್ತಾರಾ? ಚುನಾವಣೆ ಬಂದಾಗ ಯಾರದೋ ರ‍್ಯಾಲಿಗೆ ನಿಮ್ಮನ್ನು ಬಸ್ಸು ಹತ್ತಿಸುತ್ತಾರಾ? ಉತ್ತರ ಬೇಸರ ತರಿಸುವಂತಿದ್ದರೆ, ನೀನು ಬಿಡಬೇಕಾದದ್ದು ಹೋರಾಟವನ್ನಲ್ಲ, ಆ ಗುಂಪನ್ನು.

ಸಂಘಟನೆ ಚೆನ್ನಾಗಿದ್ದರೂ ಪರೀಕ್ಷೆಗೆ ರಜೆ ಕೇಳುವುದು ತಪ್ಪಲ್ಲ. ನಿಮ್ಮೂರಲ್ಲೇ ನೋಡು, ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಅಷ್ಟೂ ದಿನ ಅದೇ ಮುಖಗಳು ಕೂತಿರಲು ಸಾಧ್ಯವೇ? ಒಬ್ಬರು ಎದ್ದಾಗ ಇನ್ನೊಬ್ಬರು ಕೂತರೆ ತಾನೇ ಧರಣಿ ನಡೆಯುವುದು? ನೀನೊಬ್ಬಳು ಬರದಿದ್ದರೆ ನಿಲ್ಲುವಂಥ ಸಂಘಟನೆ ಮೊದಲೇ ಕುಂಟುತ್ತಿತ್ತು ಅಂತ ಅರ್ಥ.

ಪರೀಕ್ಷೆ ಮುಗಿಯುವವರೆಗೆ ಬೀದಿಗಿಳಿಯಲ್ಲ, ಮನವಿಪತ್ರ ಬರೆದುಕೊಡ್ತೀನಿ, ಸ್ಕಾಲರ್‌ಶಿಪ್ ಬಾಕಿ ಇರುವವರ ಪಟ್ಟಿ ಮಾಡಿಕೊಡ್ತೀನಿ ಅಂತ ಹೇಳು. ಅಣ್ಣನಿಗೆ ಫೋನಿನಲ್ಲಿ ಹೇಳಬೇಡ. ಮೀಟಿಂಗಿನಲ್ಲಿ, ಎಲ್ಲರ ಎದುರು ಹೇಳು. ಅಪ್ಪನ ಹತ್ತಿರವೂ ‘ಎಲ್ಲಾ ಬಿಟ್ಟೆ’ ಅಂತ ಸುಳ್ಳು ಹೇಳಬೇಡ. ಇಬ್ಬರಿಗೂ ಒಂದೇ ಮಾತು ಹೇಳು, ನಾಳೆ ಇನ್ನೊಂದು ಫೋಟೊ ಬಂದಾಗ ನಿನಗೇ ಅನುಕೂಲ.